ಆ್ಯಪ್, ಕನ್ನಡಿ, ವಾಚನಾಲಯದ ಮಹಡಿ: ಮೂರು ಕಡೆ ಕಲಿತ ಪಿಲಾಟೆಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ವಾಚನಾಲಯದ ಮಹಡಿಗೆ. ಉಳಿದ ಎರಡಕ್ಕೂ ಕೈಯಿಂದ ದುಡ್ಡು ಕೊಟ್ಟವಳಾದ್ದರಿಂದ ಅವುಗಳ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ.

ಕಾಸರಗೋಡಿನ ಕುಂಬಳೆಯ ಹತ್ತಿರದ ಸಹಕಾರಿ ಬ್ಯಾಂಕೊಂದರ ನಗದು ಕೌಂಟರಿನಲ್ಲಿ 22 ವರ್ಷಗಳಿಂದ ಕೂತಿದ್ದೇನೆ. ಕುರ್ಚಿಯಿಂದ ಏಳಬೇಕೆಂದರೆ ಸೊಂಟ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಒಪ್ಪುವ ಸ್ಥಿತಿ ಬಂದಾಗ ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. (ನಮ್ಮ ಕಡೆಯವರಿಗೆ ನೋವು ಸ್ವಲ್ಪ ಜೋರಾದರೆ ತಲಪಾಡಿಯ ಗಡಿ ದಾಟದೆ ಸಮಾಧಾನವಿಲ್ಲ.) ಅವರು ಸ್ಕ್ಯಾನ್ ನೋಡಿ, ಎಲುಬಿಗೆ ಏನೂ ಆಗಿಲ್ಲ, ಹೊಟ್ಟೆಯ ಒಳಪದರದ ಸ್ನಾಯುಗಳು ಕೆಲಸ ಮರೆತಿವೆ, ಪಿಲಾಟೆಸ್ ಮಾಡಿ ನೋಡಿ ಎಂದರು. ಉಸಿರಿನ ಜೊತೆ ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳನ್ನು ಬಲಪಡಿಸುವ ಒಂದು ವ್ಯಾಯಾಮ ಪದ್ಧತಿ ಅದು. ಯೋಗ ಯಾಕಾಗದು ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಆಗುತ್ತದೆ. ಆದರೆ ಸೂರ್ಯನಮಸ್ಕಾರ ನನಗೆ ಶಾಲೆಯ ದಿನಗಳಿಂದಲೇ ಬಾಯಿಪಾಠ. ದೇಹ ಎಲ್ಲಿ ಒಲ್ಲೆ ಎನ್ನುತ್ತದೋ ಅಲ್ಲಿ ಕಳ್ಳತನದಿಂದ ದಾಟುವುದೂ ಅಷ್ಟೇ ಬಾಯಿಪಾಠ. ಗೊತ್ತಿಲ್ಲದ ವಿದ್ಯೆಯಾದರೆ ಕಳ್ಳದಾರಿ ಸಿಗುವುದಕ್ಕಾದರೂ ಕೆಲವು ತಿಂಗಳು ಬೇಕಲ್ಲ.

ಮೊದಲು ಕೊಂಡದ್ದು ಮೊಬೈಲ್ ಆ್ಯಪ್. ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ 3,600 ರೂಪಾಯಿ, ತಿಂಗಳು ತಿಂಗಳು ಕಟ್ಟಿದರೆ ಅದರ ಎರಡು ಪಾಲು. ಒಟ್ಟಿಗೇ ಕಟ್ಟಿದೆ. ಬ್ಯಾಂಕಿನವಳೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳುವುದು?

ಪಿಲಾಟೆಸಿನಲ್ಲಿ ಬಹಳಷ್ಟನ್ನು ಅಂಗಾತ ಮಲಗಿ ಮಾಡಬೇಕು. ಅಂಗಾತ ಮಲಗಿದವಳಿಗೆ ಕಾಣುವುದು ಮಾಡಿನ ಪಕ್ಕಾಸು ಮಾತ್ರ, ಮೊಬೈಲ್ ಅಲ್ಲ. ಮೊದಲ ದಿನ ಅದನ್ನು ಎಡಬದಿಯಲ್ಲಿ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟೆ. ಕುತ್ತಿಗೆ ಎಡಕ್ಕೇ ನಿಂತಿತು. ಮಗ್ಗುಲಾಗಿ ಮಲಗುವ ವ್ಯಾಯಾಮ ಬಂದಾಗ ಡಬ್ಬ ಬೆನ್ನ ಹಿಂದೆ ಉಳಿಯಿತು. ಎರಡನೆಯ ದಿನ ಕಾಲಿನ ಬುಡದಲ್ಲಿ ಕುರ್ಚಿಯ ಮೇಲಿಟ್ಟೆ. ಕಾಲೆತ್ತಿದರೆ ನನ್ನ ಪಾದವೇ ಪರದೆಗೆ ಅಡ್ಡ. ಮೂರನೆಯ ದಿನ ಬುದ್ಧಿ ಓಡಿಸಿ, ಬಾಳೆಗೊನೆ ತೂಗುಹಾಕುವ ಹಗ್ಗಕ್ಕೆ ಮೊಬೈಲನ್ನು ಕಟ್ಟಿ ಮುಖದ ನೇರಕ್ಕೆ ಇಳಿಬಿಟ್ಟೆ. ಫ್ಯಾನಿನ ಗಾಳಿಗೆ ಅದು ನಿಧಾನವಾಗಿ ತಿರುಗತೊಡಗಿತು. ಪರದೆಯ ಹುಡುಗಿ ಎರಡು ಉಸಿರಿಗೊಮ್ಮೆ ಕಾಣಿಸಿಕೊಂಡು ಮಾಯವಾಗುತ್ತಿದ್ದಳು. ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ ನಮ್ಮವರು ಬಹಳ ಹೊತ್ತು ನೋಡಿ, "ಇದು ಯಾವಾಗ ಹಣ್ಣಾಗುವುದು?" ಎಂದು ಕೇಳಿ ಹೋದರು.

ನಗೆಯ ಮಾತು ಅಲ್ಲಿಗೆ ಮುಗಿಯಿತು. ಪಿಲಾಟೆಸಿನಲ್ಲಿ 'ಹಂಡ್ರೆಡ್' ಎಂಬುದೊಂದಿದೆ: ಅಂಗಾತ ಮಲಗಿ, ತಲೆ ಮತ್ತು ಹೆಗಲನ್ನು ನೆಲದಿಂದ ಎತ್ತಿ, ಚಾಚಿದ ಕೈಗಳನ್ನು ನೀರಿಗೆ ಬಡಿದ ಹಾಗೆ ಮೇಲೆ ಕೆಳಗೆ ಆಡಿಸುವುದು. ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ, ಇಂಥ ಹತ್ತು ಸುತ್ತು, ಒಟ್ಟು ನೂರು. ಆ ನೂರನ್ನು ನಾನು ಅಕ್ಕಿ ಡಬ್ಬದ ಕಡೆ ಕತ್ತು ಹೊರಳಿಸಿಕೊಂಡೇ ಮುಗಿಸಿದೆ. ಮಾರನೆಯ ದಿನದಿಂದ ಮೂರು ದಿನ ಕೌಂಟರಿನಲ್ಲಿ ಗ್ರಾಹಕರು ಕರೆದರೆ ಯಕ್ಷಗಾನದ ರಕ್ಕಸನಂತೆ ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಆಗ ಹೊಳೆದದ್ದು ಇಷ್ಟು: ಪರದೆಯವಳ ಕಾಲು ಎಷ್ಟು ಎತ್ತರದಲ್ಲಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ನನ್ನ ಕಾಲು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ.

ಹಾಗಾದರೆ ನೋಡುವುದು ಬೇಡ, ಕೇಳಿಯೇ ಮಾಡೋಣ ಎಂದು ಮೊಬೈಲನ್ನು ಕವುಚಿ ಹಾಕಿದೆ. "ಹೊಕ್ಕುಳನ್ನು ಬೆನ್ನೆಲುಬಿಗೆ ಎಳೆಯಿರಿ" ಎಂದು ಇಂಗ್ಲಿಷಿನಲ್ಲಿ ಅಪ್ಪಣೆ. ಮದುವೆಮನೆಯಲ್ಲಿ ಫೋಟೋದವನು ಬಂದಾಗ ಎಳೆದುಕೊಳ್ಳುತ್ತೇವಲ್ಲ, ಹಾಗೆ ಎಳೆದುಕೊಂಡೆ. ಉಸಿರು ಗಂಟಲಲ್ಲೇ ನಿಂತಿತು. ಹೊಟ್ಟೆ ಒಳಗಿದ್ದಾಗಲೂ ಪಕ್ಕೆಲುಬುಗಳು ಬದಿಗೂ ಹಿಂದಕ್ಕೂ ಅರಳುತ್ತಿರಬೇಕು, ಪಿಲಾಟೆಸಿನ ಉಸಿರು ಅಲ್ಲಿಯದು ಎಂಬುದನ್ನು ಆ ಧ್ವನಿ ಹೇಳಿರಲೂಬಹುದು. ಹೇಳಿದ್ದು ನನ್ನ ಪಕ್ಕೆಲುಬಿಗೆ ತಲುಪಲಿಲ್ಲ.

ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಪರದೆಯವಳ ಕಾಲು ಆಕಾಶದಲ್ಲೇ ನಿಲ್ಲುತ್ತದೆ. ಅದಕ್ಕೆ ಆ್ಯಪನ್ನು ದೂರುವುದಿಲ್ಲ.

ದೂರುವುದು ಭಾನುವಾರದ ಫೋಟೋಕ್ಕೆ. ವಾರಕ್ಕೊಮ್ಮೆ ಬದಿಯಿಂದ ತೆಗೆದ ಚಿತ್ರ ಮತ್ತು ಸೊಂಟದ ಅಳತೆ ಕೊಡಬೇಕು. ಅದು ಮೊದಲ ವಾರದ್ದನ್ನೂ ಈ ವಾರದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಐದು ಭಾನುವಾರ ನನ್ನ ಹೊಟ್ಟೆ ತನ್ನ ಜೊತೆಗೇ ಸ್ಪರ್ಧಿಸಿ ಸಮ ಸಮ ಬಂತು. ಸೊಂಟನೋವಿಗೆಂದು ಹೋದವಳು ಶನಿವಾರ ರಾತ್ರಿ ಊಟ ಬಿಡತೊಡಗಿದ್ದೆ. ಆರನೆಯ ಭಾನುವಾರ ಆ್ಯಪ್ ತೆರೆಯಲಿಲ್ಲ.

ಎರಡನೆಯದು ಮಂಗಳೂರಿನ ಸ್ಟುಡಿಯೋ. 12 ತರಗತಿಗೆ 9,600. ಅಲ್ಲಿರುವುದು ರಿಫಾರ್ಮರ್, ಅಂದರೆ ಸ್ಪ್ರಿಂಗುಗಳ ಎಳೆತಕ್ಕೆ ಹಿಂದೆ ಮುಂದೆ ಜಾರುವ ಹಾಸುಳ್ಳ ಮಂಚ. ಈ ವಿದ್ಯೆಯನ್ನು ಕಟ್ಟಿದ ಜೋಸೆಫ್ ಪಿಲಾಟೆಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಅದೇ ವರ್ಷ ನಮ್ಮ ಮಂಜೇಶ್ವರದಲ್ಲಿ ಗೋವಿಂದ ಪೈಗಳು. ಇಸವಿ ನೆನಪಿಡಲು ನನಗೆ ಅಷ್ಟು ಸಾಕು. ಅಸ್ತಮಾ, ರಿಕೆಟ್ಸ್ ಎಂದು ನರಳಿಕೊಂಡೇ ಬೆಳೆದ ಹುಡುಗ ಆತ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸೆರೆಶಿಬಿರದಲ್ಲಿ ಇಟ್ಟಿದ್ದಾಗ ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ಮಲಗಿದಲ್ಲೇ ವ್ಯಾಯಾಮ ಮಾಡಿಸಿದ, ಈ ಯಂತ್ರಕ್ಕೆ ಅದೇ ಮೂಲ ಎಂದು ಹೇಳುವುದುಂಟು. ಮಲಗಿ ನೋಡಿದರೆ ನಂಬಬೇಕೆನಿಸುತ್ತದೆ. ಕಾಲಿನ ಭಾರವನ್ನು ಸ್ಪ್ರಿಂಗ್ ಹೊತ್ತುಕೊಂಡಾಗ ಸೊಂಟಕ್ಕೆ ಸಿಗುವ ಬಿಡುವನ್ನು ಚಾಪೆ ಕೊಡಲಾರದು. ಮೊದಲ ದಿನ ಮುಗಿಸಿ ಹಂಪನಕಟ್ಟೆಯವರೆಗೆ ನಡೆದೇ ಹೋದೆ.

ಆದರೆ ಎರಡು ಗೋಡೆಗೆ ಕನ್ನಡಿ. ಟೀಚರ್ ಒಳ್ಳೆಯ ಹುಡುಗಿ, ತಿಳಿದವಳು. "ಕನ್ನಡಿ ನೋಡಿ ಸರಿಮಾಡಿಕೊಳ್ಳಿ ಆಂಟಿ" ಎನ್ನುತ್ತಿದ್ದಳು. ನಾನು ನೋಡಿ ಸರಿಮಾಡಿಕೊಂಡದ್ದು ಟೀಶರ್ಟನ್ನು. ಅಕ್ಕಪಕ್ಕದಲ್ಲಿ ನನ್ನ ಮಗಳ ವಯಸ್ಸಿನವರು, ನಡುವೆ ನಾನು, ಕಣ್ಣು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗುತ್ತಿತ್ತು. ಅದಲ್ಲದೆ ಪ್ರಯಾಣ: ಹೆದ್ದಾರಿ ಕಾಮಗಾರಿಯ ಧೂಳು ಕುಡಿದುಕೊಂಡು ಹೋಗಿ ಬಂದು ಒಂದು ಗಂಟೆಯ ತರಗತಿಗೆ ನಾಲ್ಕೂವರೆ ಗಂಟೆ. ಬಿಚ್ಚಿಕೊಂಡ ಸೊಂಟ ಬಸ್ಸಿನ ಸೀಟಿನಲ್ಲಿ ಮತ್ತೆ ಗಂಟು. ಎಂಟು ತರಗತಿ ಮುಗಿಸಿ, ಉಳಿದ ನಾಲ್ಕನ್ನು ಅಲ್ಲೇ ಓದುತ್ತಿರುವ ಅಕ್ಕನ ಮಗಳಿಗೆ ಬಿಟ್ಟುಕೊಟ್ಟೆ.

ಇನ್ನು ನಮ್ಮ ವಾಚನಾಲಯದ ಮಹಡಿ. ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಐದೂವರೆಗೆ. ತಿಂಗಳಿಗೆ 700 ರೂಪಾಯಿ. ಹಗಲಲ್ಲಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ದುಡಿಯುವ, ಕಾಞಂಗಾಡಿನ ಕಡೆಯ ಹೆಂಗಸು ಕಲಿಸುತ್ತಾರೆ. ಬೆಂಚುಗಳನ್ನು ಗೋಡೆಗೆ ಸರಿಸಿದರೆ ಹನ್ನೊಂದು ಚಾಪೆಗಳಿಗೆ ಜಾಗ. ಕನ್ನಡಿ ಇಲ್ಲ; ಪುಸ್ತಕದ ಎರಡು ಕಪಾಟು, ಹಳೆಯ ಪತ್ರಿಕೆಗಳ ರಾಶಿ. ಚೂಡಿದಾರದಲ್ಲೇ ಬಂದು ಚೂಡಿದಾರದಲ್ಲೇ ಹೋಗಬಹುದು.

ಟೀಚರ್ ಮಾತಾಡುವುದು ಮಲಯಾಳ, ನಡುನಡುವೆ ಕನ್ನಡ. ಮಾಡಿಸಿದ ಮೇಲೆ ಅವರದು ಒಂದೇ ಪ್ರಶ್ನೆ: "ಎವಿಡೆಯಾ ತೋನ್ನಿಯದ್?" ಎಲ್ಲಿ ತಿಳಿಯಿತು? ಒಬ್ಬೊಬ್ಬರೂ ಉತ್ತರ ಹೇಳಬೇಕು. ಸೊಂಟದಲ್ಲಿ, ತೊಡೆಯ ಹಿಂದೆ, ಒಂದು ಬದಿಗೆ ಮಾತ್ರ ಎಂದು ಕನ್ನಡ, ತುಳು, ಮಲಯಾಳ ಎಲ್ಲದರಲ್ಲೂ ಉತ್ತರ ಬರುತ್ತದೆ. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಮೊದಲ ಎರಡು ವಾರ "ಎಂಕ್ ದಾಲ ತೆರಿಯುಜಿ" ಎಂದೇ ಹೇಳಿದರು, ನನಗೇನೂ ತಿಳಿಯುವುದಿಲ್ಲ ಎಂದು. ಅದೂ ಉತ್ತರವೇ, ನಾಳೆಯೂ ಹೇಳಿ ಎಂದರು ಟೀಚರ್.

ಮಲಗಿದಾಗ ಸೊಂಟವನ್ನು ಎಲ್ಲಿಡಬೇಕು ಎಂಬುದನ್ನೇ ಒಂದು ಸಂಜೆಯಿಡೀ ಕಲಿಸಿದರು. ಕಿಬ್ಬೊಟ್ಟೆಯ ಮೇಲೆ ನೀರು ತುಂಬಿದ ಉರುಳಿ ಇದೆ ಎಂದುಕೊಳ್ಳಿ. ಕಾಲಿನ ಕಡೆಗೂ ಚೆಲ್ಲಬಾರದು, ಎದೆಯ ಕಡೆಗೂ ಚೆಲ್ಲಬಾರದು. ಕಣ್ಣು ಮುಚ್ಚಿ ಹಿಂದೆ ಮುಂದೆ ಓಲಾಡಿಸುತ್ತ ನಡುವಿನ ಜಾಗ ಸಿಕ್ಕಾಗ ಸೊಂಟದ ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿದಿತ್ತು. ಆ್ಯಪಿನ ಕಾಲದಲ್ಲಿ ನಾನು ಆ ಸಂದನ್ನು ನೆಲಕ್ಕೆ ಒತ್ತಿ ಒತ್ತಿ ಕೊಲ್ಲುತ್ತಿದ್ದೆ.

ಮೂರನೆಯ ವಾರ ಹಂಡ್ರೆಡ್ ಬಂತು. ನಾನು ತಲೆ ಎತ್ತಿದ್ದೇ ತಡ, ಟೀಚರ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಮುಟ್ಟಲೇ ಎಂದು ಕೇಳಿ, ಹೊಕ್ಕುಳಿನ ಸ್ವಲ್ಪ ಮೇಲೆ ಎರಡು ಬೆರಳಿಟ್ಟು, ತಲೆಯನ್ನು ಇನ್ನೊಮ್ಮೆ ಚೂರೇ ಎತ್ತಲು ಹೇಳಿದರು. ಹೊಟ್ಟೆಯ ನಡುವೆ ಗದ್ದೆಯ ಹುಣಿಯ ಹಾಗೆ ಒಂದು ದಿಣ್ಣೆ ಎದ್ದಿತು. ಆಮೇಲೆ ನನ್ನದೇ ಬೆರಳುಗಳನ್ನು ಹಿಡಿದು ಅಲ್ಲಿಗೆ ಇಟ್ಟರು. ಎರಡು ಬೆರಳು ಸಲೀಸಾಗಿ ಒಳಗಿಳಿದವು. ಎರಡೂ ಕಡೆಯಿಂದ ಸ್ನಾಯುವಿನ ಅಂಚು, ನಡುವೆ ಬರೇ ಮೆತ್ತಗೆ. ಬಸುರಿನಲ್ಲಿ ಹೊಟ್ಟೆಯ ಉದ್ದದ ಸ್ನಾಯುಗಳೆರಡೂ ನಡುಗೆರೆಯಿಂದ ಬದಿಗೆ ಸರಿಯುತ್ತವೆ, ಬಹಳ ಜನರಿಗೆ ತಾನಾಗಿ ಕೂಡಿಕೊಳ್ಳುತ್ತದೆ, ಕೆಲವರಿಗೆ ಸಂದು ಉಳಿದುಬಿಡುತ್ತದೆ, ಅಷ್ಟೇ ಎಂದರು.

ನನ್ನ ಚಿಕ್ಕ ಮಗನಿಗೆ ಈಗ 17. ಅಷ್ಟೂ ವರ್ಷ ಆ ಉಬ್ಬನ್ನು ತುಪ್ಪದ ಲೆಕ್ಕಕ್ಕೂ ಸೋಮಾರಿತನದ ಲೆಕ್ಕಕ್ಕೂ ಬರೆದಿದ್ದೆ. "ಮಗುವಾಗಿ ಇಷ್ಟು ವರ್ಷವಾದರೂ ಇಳಿಯಲಿಲ್ಲವಲ್ಲ" ಎಂದು ಅತ್ತಿಗೆ ಹೇಳಿದಾಗಲೆಲ್ಲ ತಪ್ಪೊಪ್ಪಿಕೊಂಡವಳ ಹಾಗೆ ನಕ್ಕಿದ್ದೆ. ಅವತ್ತು ಬೆರಳು ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

ಅಂದಿನಿಂದ ನನ್ನ ಹಂಡ್ರೆಡ್ ಬೇರೆ. ತಲೆ ನೆಲದ ಮೇಲೆ, ಮಂಡಿ ಮಡಚಿ ಪಾದ ಊರಿ. ಉಸಿರು ಬಿಡುವಾಗ ಲಂಗದ ಲಾಡಿಯನ್ನು ಒಳಗಿನಿಂದ ಮೆಲ್ಲಗೆ ಬಿಗಿದಂತೆ ಕಿಬ್ಬೊಟ್ಟೆಯನ್ನು ಕೂಡಿಸಬೇಕು. ಹುಣಿ ಎದ್ದರೆ ಅಲ್ಲಿಗೆ ನಿಲ್ಲಿಸಬೇಕು. ದೊಡ್ಡಮ್ಮನಿಗೆ ಮೂಳೆ ಸವೆತ; ಬೆನ್ನು ಬಗ್ಗಿಸಿ ಏಳುವ, ಚೆಂಡಿನಂತೆ ಉರುಳುವ ವ್ಯಾಯಾಮಗಳು ಅವರಿಗೆ ಪೂರ್ತಿ ನಿಷಿದ್ಧ, ಟೊಳ್ಳಾದ ಬೆನ್ನೆಲುಬು ಬಗ್ಗಿದರೆ ಬಿರುಕು ಬಿಡಬಹುದು. ಆ್ಯಪ್ ನನ್ನ ತೂಕ ಕೇಳಿತ್ತು, ಹೆರಿಗೆ ಎಷ್ಟಾಗಿದೆ ಎಂದು ಕೇಳಿರಲಿಲ್ಲ.

ಒಂದು ಎಚ್ಚರಿಕೆ. ಪಿಲಾಟೆಸ್ ಎಂಬ ಹೆಸರು ಯಾರೊಬ್ಬರ ಸೊತ್ತೂ ಅಲ್ಲ ಎಂದು ಅಮೆರಿಕದ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿದೆ. ಅದರಿಂದಾಗಿ ವಾಚನಾಲಯದ ಮಹಡಿಯಲ್ಲೂ ಆ ಬೋರ್ಡು ನೇತುಹಾಕಬಹುದು, ಏನೂ ಕಲಿಯದವರೂ ನೇತುಹಾಕಬಹುದು. ನಾನು ಸೇರುವ ಮೊದಲು ಟೀಚರ್ ಎಲ್ಲಿ ಕಲಿತರು ಎಂದು ಕೇಳಿದೆ. ಅವರಿಗೆ ಬೇಸರವಾಗಲಿಲ್ಲ, ಸರ್ಟಿಫಿಕೇಟನ್ನೇ ತಂದು ತೋರಿಸಿದರು.

ನನ್ನ ಆಯ್ಕೆ ನನ್ನ ಅಭ್ಯಾಸಕ್ಕೆ ತಕ್ಕದ್ದು: ಒಬ್ಬಳೇ ಬಿಟ್ಟರೆ ಕಳ್ಳತನ ಮಾಡುತ್ತೇನೆ, ಕನ್ನಡಿ ಕಂಡರೆ ಕುಗ್ಗುತ್ತೇನೆ, ಬ್ಯಾಂಕಿನಿಂದ ಹೊರಡುವುದು ಐದಕ್ಕೆ, ಮತ್ತು 700 ರೂಪಾಯಿಗೆ ಮನೆಯಲ್ಲಿ ಯಾರ ಒಪ್ಪಿಗೆಯೂ ಬೇಡ. ನೀವು ಮಂಗಳೂರಿನಲ್ಲೇ ಇದ್ದು ನೆಲಕ್ಕೆ ಕೂತು ಏಳುವುದೇ ಕಷ್ಟವಾದರೆ ರಿಫಾರ್ಮರಿನಿಂದ ಶುರುಮಾಡಿ, ಕನ್ನಡಿಗೆ ಬೆನ್ನು ಹಾಕಿ ಮಲಗುವ ಮಂಚ ಕೇಳಿ ಪಡೆಯಿರಿ. ಆ್ಯಪ್ ಬೇಕೆಂದರೆ ಆರು ತಿಂಗಳು ಯಾರಲ್ಲಾದರೂ ಕಲಿತ ಮೇಲೆ ಕೊಳ್ಳಿ. ಫೋಟೋ ಕೇಳಿದರೆ ಬಾಳೆಗೊನೆಯದ್ದು ಕಳಿಸಿ.

ನನ್ನ ಹೊಟ್ಟೆ ಹಾಗೆಯೇ ಇದೆ. ಸಂದು ಎರಡು ಬೆರಳಿನಿಂದ ಒಂದೂವರೆಗೆ ಬಂದಿದೆ, ಅಳೆಯುವುದು ನನ್ನದೇ ಬೆರಳು. ಕುರ್ಚಿಯಿಂದ ಏಳುವಾಗ ಸೊಂಟ ಈಗ ಯೋಚಿಸುವುದಿಲ್ಲ.

ಮಹಡಿಗೂ ಕುಂದುಗಳಿವೆ. ಸಿಮೆಂಟಿನ ನೆಲ, ಯೋಗದ 6 ಮಿಲಿಮೀಟರ್ ಚಾಪೆ ಹಾಸಿ ಉರುಳಿದರೆ ಬೆನ್ನಿನ ಒಂದೊಂದು ಗಂಟೂ ಎಣಿಸಿದ ಹಾಗಾಗುತ್ತದೆ. 12 ಮಿಲಿಮೀಟರಿನ ಫೋಮ್ ಚಾಪೆ ತಂದೆ, ಅದಕ್ಕೆ ಆಟಿಯ ಮಳೆಯಲ್ಲಿ ಬೂಸಲು ಬಂತು. ಈಗ ಮೇಲೆ ಹಳೆಯ ಬೈರಾಸು ಹಾಸುತ್ತೇನೆ, ತೊಳೆಯಲು ಅದೇ ಸುಲಭ. ಎಲ್ಲಕ್ಕಿಂತ ದೊಡ್ಡ ಉಪದ್ರವ ಆರೂವರೆಯ ಕೇರಂ ಹುಡುಗರದ್ದು. ಕೊನೆಯ ಐದು ನಿಮಿಷ ಕಣ್ಣು ಮುಚ್ಚಿ, ನೆಲ ನಮ್ಮನ್ನು ಎಲ್ಲೆಲ್ಲಿ ಮುಟ್ಟುತ್ತಿದೆ ಎಂದು ಹಿಮ್ಮಡಿಯಿಂದ ನೆತ್ತಿಯವರೆಗೆ ಗಮನಿಸುತ್ತ ಹೋಗುವ ಹೊತ್ತಿಗೆ ಸರಿಯಾಗಿ ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಡಬ್ಬಿಯೊಳಗೆ ಕಾಯಿಗಳ ಕುಲುಕಾಟ. ನಾನು ಇನ್ನೂ ಮಂಡಿಗೆ ಬಂದಿರುತ್ತೇನಷ್ಟೆ. ಹತ್ತು ನಿಮಿಷ ತಡವಾಗಿ ಬನ್ನಿ ಮಕ್ಕಳೇ ಎಂದು ಟೀಚರ್ ಹೇಳಿದ್ದಾರೆ, ದೊಡ್ಡಮ್ಮ ಗದರಿದ್ದಾರೆ. ಈ ಬುಧವಾರ ಆರು ಇಪ್ಪತ್ತೈದಕ್ಕೇ ಬಂದಿದ್ದರು.