ಮೊದಲ ಸಿಂಥಸೈಜರ್‌ಗೆ ‘ಆರಂಭಿಕರ ಕಿಟ್’ ಕೊಳ್ಳುವ ಮುನ್ನ ದಯವಿಟ್ಟು ಓದಿ

ಮೊದಲ ಹಾರ್ಡ್‌ವೇರ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಸೃಷ್ಟಿಸುವ ವಾದ್ಯ) ಕೊಂಡವರಿಗೆಂದು ಮಾರಾಟಗಾರರು ತಾವೇ ಜೋಡಿಸಿ ಕೊಡುವ ‘ಆರಂಭಿಕರ ಕಿಟ್’ಗಳಿರುತ್ತವೆ. ಅದರೊಳಗಿನ ಪ್ರತಿಯೊಂದು ವಸ್ತುವನ್ನೂ ನಿಮ್ಮ ಯಂತ್ರದ ಕೈಪಿಡಿಯೊಡನೆ ತಾಳೆ ನೋಡದೆ ಅಂಥದ್ದನ್ನು ಕೊಳ್ಳಬೇಡಿ. ಅಂಥ ಒಂದು ಕಿಟ್‌ನಿಂದಾಗಿ ನನ್ನ ಡ್ರಮ್ ಮಷೀನ್ ಸುಟ್ಟುಹೋಯಿತು, ಉಳಿದ ವಸ್ತುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದೆ ಹೋದವು, ವಾರಂಟಿಯೂ ಸಿಗಲಿಲ್ಲ. ನನ್ನ ಬಳಿ ಇದ್ದದ್ದು ಒಂದು ಚಿಕ್ಕ ಸಿಂಥ್ ಮತ್ತು ಒಂದು ಡ್ರಮ್ ಮಷೀನ್. ಎರಡರ ಮಾದರಿಯ ಹೆಸರನ್ನೂ ಬರೆದು ಕಳುಹಿಸಿ, ಇವುಗಳಿಗೆ ಹೊಂದುವ ಉಪಕರಣಗಳಷ್ಟೇ ಬೇಕೆಂದು ಕೇಳಿದ್ದೆ. ಕಿಟ್‌ನಲ್ಲಿರುವುದೆಲ್ಲವೂ ಎರಡೂ ಯಂತ್ರಗಳಿಗೆ ಹೊಂದುತ್ತದೆ ಎಂಬ ಉತ್ತರ ಬರಹದಲ್ಲಿಯೇ ಬಂದಿತ್ತು. ಪೆಟ್ಟಿಗೆಯಲ್ಲಿ ಹಲವು ತುದಿಗಳ ಪವರ್ ಸಪ್ಲೈ, ಕೀಬೋರ್ಡ್ ಕಂಟ್ರೋಲರ್ (ತಾನು ಸದ್ದು ಮಾಡದೆ ಬೇರೆ ಯಂತ್ರವನ್ನು ನುಡಿಸುವ ಕೀಲಿಮಣೆ), ಮಿಡಿ (ವಾದ್ಯಗಳ ನಡುವೆ ಸ್ವರದ ಸಂದೇಶ ಒಯ್ಯುವ ವ್ಯವಸ್ಥೆ) ಮತ್ತು ಆಡಿಯೋ ಕೇಬಲ್‌ಗಳ ಕಟ್ಟು, ಒಂದು ಮಿಕ್ಸರ್, ಒಂದು ಎಕೋ ಪೆಡಲ್, ಒಂದು ಸಸ್ಟೇನ್ ಪೆಡಲ್ ಮತ್ತು ಸ್ಟ್ಯಾಂಡ್ ಇದ್ದವು.

ಹೆಚ್ಚಿನ ಹಾನಿ ಮಾಡಿದ್ದು ಪವರ್ ಸಪ್ಲೈ. ಆದ್ದರಿಂದ ಅದನ್ನೇ ಮೊದಲು ವಿವರವಾಗಿ ಹೇಳುತ್ತೇನೆ. ಗಿಟಾರ್ ಪೆಡಲ್‌ಗಳ ಲೋಕದಲ್ಲಿ ಬಾಸ್ (Boss) ಕಂಪನಿಯ ಪೆಡಲ್‌ಗಳ ಮೂಲಕ ರೂಢಿಯಾಗಿರುವುದು 9 ವೋಲ್ಟ್ ಡಿಸಿ, ಪ್ಲಗ್ಗಿನ ನಡುವೆ ಮೈನಸ್, ಹೊರಗೆ ಪ್ಲಸ್. ಕೋರ್ಗ್ ಕಂಪನಿಯ ವೋಲ್ಕಾ ಎಂಬ ಚಿಕ್ಕ ಯಂತ್ರಗಳಿಗೂ ಬೇಕಾದದ್ದು 9 ವೋಲ್ಟ್ ಡಿಸಿಯೇ, ಆದರೆ ಅಲ್ಲಿ ನಡುವೆ ಪ್ಲಸ್, ಹೊರಗೆ ಮೈನಸ್. ನನ್ನ ಡ್ರಮ್ ಮಷೀನ್ ಬೇರೆ ತಯಾರಕರದ್ದಾದರೂ ಅದು ಕೇಳುತ್ತಿದ್ದದ್ದು ನಡುವಿನ ಪ್ಲಸ್ಸನ್ನೇ. ಕಿಟ್‌ನ ಪವರ್ ಸಪ್ಲೈ ಮಾತ್ರ ಪೆಡಲ್‌ಗಳಿಗಾಗಿ ಮಾಡಿದ್ದು. ಪ್ಲಗ್ಗಿನ ಅಳತೆ ಬೇರೆಯಾಗಿದ್ದರೆ ಕನಿಷ್ಠ ಅದು ಒಳಗೆ ಹೋಗದೆ ನಿಂತು ಯಂತ್ರ ಉಳಿಯುತ್ತಿತ್ತು. ಆದರೆ ಅಳತೆ ಬದಲಿಸುವ ತುದಿಗಳನ್ನೂ ಅದೇ ಪೊಟ್ಟಣದಲ್ಲಿ ಇಟ್ಟಿದ್ದರು. ಅವು ಅಳತೆಯನ್ನಷ್ಟೇ ಬದಲಿಸುತ್ತವೆ, ಪ್ಲಸ್ ಮೈನಸ್‌ಗಳನ್ನಲ್ಲ ಎಂಬ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಸ್ವಿಚ್ ಹಾಕಿದಾಗ ಯಂತ್ರದ ದೀಪ ಹೊತ್ತಿಕೊಳ್ಳಲಿಲ್ಲ, ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತದ್ದು ತಕ್ಷಣವೇ ಆದರೂ ಅಷ್ಟರಲ್ಲಿ ಒಳಗಿನ ವೋಲ್ಟೇಜ್ ರೆಗ್ಯುಲೇಟರ್ ಮತ್ತು ಅದರ ಮುಂದಿನ ಸರ್ಕೀಟಿನ ಒಂದು ಭಾಗ ಹೋಗಿತ್ತು. ಹಿಮ್ಮುಖ ವಿದ್ಯುತ್ತನ್ನು ತಡೆಯುವ ಡಯೋಡ್ ಹಲವು ಯಂತ್ರಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ, ಮತ್ತು ಹೊರಗಿನಿಂದ ನೋಡಿ ಇದನ್ನು ತಿಳಿಯುವ ದಾರಿಯಿಲ್ಲ.

ಅಡಾಪ್ಟರ್ ಹೊಂದುತ್ತದೆಯೇ ಎಂದು ನೋಡುವಾಗ ವೋಲ್ಟ್ ಸರಿಯಾಗಿ ಒಂದೇ ಆಗಿರಬೇಕು, ಡಿಸಿ ಕೇಳುವಲ್ಲಿ ಡಿಸಿಯೇ ಇರಬೇಕು (ಕೆಲವು ಹಳೆಯ ಎಫೆಕ್ಟ್ ಯಂತ್ರಗಳು 9 ವೋಲ್ಟ್ ಎಸಿ ಕೇಳುತ್ತವೆ), ವೃತ್ತದೊಳಗಿನ ಚುಕ್ಕೆಯ ಚಿತ್ರದಲ್ಲಿ ಪ್ಲಸ್ ಮೈನಸ್‌ಗಳು ಅಡಾಪ್ಟರ್ ಮತ್ತು ಯಂತ್ರ ಎರಡರ ಮೇಲೂ ಒಂದೇ ರೀತಿ ಇರಬೇಕು. ಮಿಲಿಆಂಪಿಯರ್ ಮಾತ್ರ ಯಂತ್ರ ಕೇಳುವುದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಏಕೆಂದರೆ ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಅದು ಚಾಲೂ ಆಗದಿರಬಹುದು, ಅಥವಾ ನುಡಿಸುತ್ತಿರುವಾಗಲೇ ನಿಂತುಹೋಗಬಹುದು.

ಪ್ಲಸ್ ಮೈನಸ್ ತಿರುಗಿಸುವ ತುದಿಯೊಂದನ್ನು ಪ್ರತ್ಯೇಕವಾಗಿ ಕೊಂಡರೆ ಸಮಸ್ಯೆ ಬಗೆಹರಿಯುತ್ತದೆ ಎಂದು ಮಾರಾಟಗಾರರು ನಂತರ ಹೇಳಿದರು. ಇದು ಇನ್ನೂ ಅಪಾಯದ ಸಲಹೆ. ಒಂದೇ ಸಪ್ಲೈಯಿಂದ ಸರಪಳಿಯಂತೆ ಹೊರಟ ತಂತಿಗಳಲ್ಲಿ ಎಲ್ಲ ಪ್ಲಸ್‌ಗಳೂ ಒಂದೇ, ಎಲ್ಲ ಮೈನಸ್‌ಗಳೂ ಒಂದೇ. ಅಂಥ ಸರಪಳಿಯಲ್ಲಿ ಒಂದು ತುದಿಯನ್ನು ಮಾತ್ರ ತಿರುಗಿಸಿ, ಆ ಯಂತ್ರವನ್ನೂ ಪಕ್ಕದ ಪೆಡಲನ್ನೂ ಆಡಿಯೋ ಕೇಬಲ್‌ನಿಂದ ಜೋಡಿಸಿದಾಗ, ಕೇಬಲ್‌ನ ಹೊರಕವಚದ ತಂತಿಯೇ ಎರಡರ ಗ್ರೌಂಡ್‌ಗಳನ್ನು (ಸರ್ಕೀಟಿನ ಸೊನ್ನೆ ವೋಲ್ಟ್ ತಂತಿಗಳನ್ನು) ಕೂಡಿಸುತ್ತದೆ. ಒಂದು ಯಂತ್ರಕ್ಕೆ ಗ್ರೌಂಡ್ ಆದದ್ದು ಇನ್ನೊಂದಕ್ಕೆ ಪ್ಲಸ್ ಆಗುವ ಸಂದರ್ಭದಲ್ಲಿ ಈ ಕೂಡುವಿಕೆ ನೇರ ಶಾರ್ಟ್ ಸರ್ಕೀಟ್ ಆಗುತ್ತದೆ. ಸರಪಳಿಯಲ್ಲಿ ಎಲ್ಲವೂ ಒಂದೇ ರೀತಿ ಇದ್ದಾಗಲೂ ಡಿಜಿಟಲ್ ಯಂತ್ರದ ಕಿರುಗುಟ್ಟುವಿಕೆ ಪಕ್ಕದ ಪೆಡಲ್‌ಗೆ ಹರಿಯುವುದುಂಟು. ಹಲವು ಯಂತ್ರಗಳಿಗೆ ಒಂದೇ ಪೆಟ್ಟಿಗೆಯಿಂದ ವಿದ್ಯುತ್ ಕೊಡಲೇಬೇಕಾದರೆ ಪ್ರತಿ ಔಟ್‌ಪುಟ್ ಸ್ವತಂತ್ರವಾಗಿ ಪ್ರತ್ಯೇಕಗೊಂಡ ‘ಐಸೊಲೇಟೆಡ್’ ಸಪ್ಲೈಯನ್ನೇ ಕೊಳ್ಳಬೇಕು. ಅದು ದುಬಾರಿ ಎನಿಸಿದರೆ ತಯಾರಕರ ಮೂಲ ಅಡಾಪ್ಟರ್‌ಗಳನ್ನೇ ಸಾಲಾಗಿ ಚುಚ್ಚಿಡುವುದು ಎಷ್ಟೋ ಲೇಸು. ವಾರಂಟಿಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸರ್ವಿಸ್ ಕೇಂದ್ರದವರು ಮೂಲ ಅಡಾಪ್ಟರ್ ಬಳಸಿಲ್ಲ ಎಂಬ ಕಾರಣ ಕೊಟ್ಟು ಯಂತ್ರವನ್ನು ಹಿಂದಿರುಗಿಸಿದರು. ಮಾರಾಟಗಾರರಿಗೆ ಅವರದೇ ಲಿಖಿತ ಭರವಸೆಯನ್ನು ನಾನು ತೋರಿಸಿದಾಗಲೂ ಅದು ‘ಸಾಮಾನ್ಯ ಮಾಹಿತಿ’ ಎಂದರು.

ಕೀಬೋರ್ಡ್ ಕಂಟ್ರೋಲರ್‌ನ ಕಥೆ ಬೇರೆ. ಅದರ ಹಿಂದೆ ಇದ್ದದ್ದು ಒಂದೇ ಯುಎಸ್‌ಬಿ ಸಾಕೆಟ್. ನನ್ನ ಸಿಂಥ್‌ನ ಹಿಂದೆಯೂ ಅದೇ ಬಗೆಯ ಸಾಕೆಟ್ ಇದೆ. ಎರಡೂ ತುದಿಗಳಿಗೆ ಕೂರುವ ಕೇಬಲನ್ನೂ ಕಿಟ್‌ನಲ್ಲಿ ಕೊಟ್ಟಿದ್ದರು. ಆದರೆ ಯುಎಸ್‌ಬಿಯಲ್ಲಿ ಒಂದು ಕಡೆ ಹೋಸ್ಟ್ ಇರಲೇಬೇಕು, ಸಾಮಾನ್ಯವಾಗಿ ಅದು ಕಂಪ್ಯೂಟರ್. ಹೋಸ್ಟ್ ಇಲ್ಲದೆ ಕೀಬೋರ್ಡ್ ಮತ್ತು ಸಿಂಥ್‌ಗಳನ್ನು ನೇರವಾಗಿ ಜೋಡಿಸಿದರೆ ಕೀಲಿ ಒತ್ತಿದ ಸಂದೇಶ ಒಂದೂ ಆಚೆಗೆ ಹೋಗುವುದಿಲ್ಲ. ಕಂಪ್ಯೂಟರ್ ಇಲ್ಲದೆ ನುಡಿಸಬೇಕೆಂಬ ಆಸೆಯಿಂದಲೇ ಹಾರ್ಡ್‌ವೇರ್ ಕೊಳ್ಳುವವರು ಹಲವರಿರುವಾಗ, ಇಂಥ ಕೀಬೋರ್ಡನ್ನು ಅವರಿಗೆ ಮಾರುವುದು ನನಗೆ ಬಹಳ ಬೇಸರ ತರಿಸುವ ಸಂಗತಿ. ಐದು ಪಿನ್‌ಗಳ ದುಂಡನೆಯ ಮಿಡಿ ಔಟ್ ಇರುವ ಕೀಬೋರ್ಡನ್ನು ಹುಡುಕಿ. 1983ರಲ್ಲಿ ಬಂದ ಆ ವ್ಯವಸ್ಥೆ ಇಂದಿಗೂ ಅದೇ ವೇಗದಲ್ಲಿ, ಸೆಕೆಂಡಿಗೆ 31,250 ಬಿಟ್‌ಗಳಂತೆ, ಮಾತನಾಡುತ್ತದೆ. ಆದ್ದರಿಂದಲೇ ನಲವತ್ತು ವರ್ಷ ಹಳೆಯ ಸಿಂಥನ್ನು ಹೊಸ ಕೀಬೋರ್ಡ್‌ನಿಂದ ನುಡಿಸಬಹುದು. ಈಗಾಗಲೇ ಯುಎಸ್‌ಬಿ ಮಾತ್ರ ಇರುವ ಕೀಬೋರ್ಡ್ ಕೈಯಲ್ಲಿದ್ದರೆ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆಯೊಂದು ಬೇಕಾಗುತ್ತದೆ, ಮತ್ತು ಅದರ ಬೆಲೆಯನ್ನು ಕೀಬೋರ್ಡ್‌ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಚಿಕ್ಕ ಯಂತ್ರಗಳಲ್ಲಿ ಐದು ಪಿನ್ನಿನ ಸಾಕೆಟ್ಟಿಗೆ ಜಾಗವಿಲ್ಲದೆ 3.5 ಮಿಲಿಮೀಟರ್ ತೂತನ್ನು ಮಿಡಿಗೆ ಬಳಸುತ್ತಾರೆ. ಇಲ್ಲಿ ಟೈಪ್ ಎ, ಟೈಪ್ ಬಿ ಎಂಬ ಎರಡು ಜೋಡಣೆಗಳಿವೆ. ಎ ಬಗೆಯಲ್ಲಿ ಜ್ಯಾಕ್‌ನ ತುದಿಗೆ 5ನೆಯ ಪಿನ್, ಉಂಗುರಕ್ಕೆ 4ನೆಯ ಪಿನ್ ಸೇರುತ್ತದೆ, ಬಿ ಬಗೆಯಲ್ಲಿ ಇದು ತಿರುಗುಮುರುಗು. 2018ರಲ್ಲಿ ಟೈಪ್ ಎ ಅನ್ನೇ ಮಾನದಂಡವಾಗಿ ಒಪ್ಪಿಕೊಳ್ಳಲಾಯಿತು. ಕೋರ್ಗ್ ಯಂತ್ರಗಳು ಎ ಬಗೆಯವು. ಆರ್ಟೂರಿಯಾ ಮತ್ತು ನೋವೇಶನ್ ಕಂಪನಿಗಳ ಹಿಂದಿನ ಹಲವು ಯಂತ್ರಗಳು ಬಿ ಬಗೆಯವು, ಮತ್ತು ಅವು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಕಿಟ್‌ನಲ್ಲಿ ಬಂದದ್ದು ಟೈಪ್ ಬಿ ಕೇಬಲ್, ನನ್ನ ಸಿಂಥ್ ಟೈಪ್ ಎ. ಇದರಿಂದ ಯಂತ್ರ ಹಾಳಾಗುವುದಿಲ್ಲ, ಆದರೆ ಸದ್ದೂ ಬರುವುದಿಲ್ಲ. ಚಾನೆಲ್ ಸೆಟ್ಟಿಂಗ್‌ನಲ್ಲಿ ಏನೋ ಇದೆ ಎಂದುಕೊಂಡು ಮೆನುಗಳಲ್ಲಿ ಹುಡುಕುತ್ತ ಸಂಜೆಗಳೇ ಕಳೆದುಹೋಗುತ್ತವೆ. ಕೇಬಲ್‌ನ ಮೇಲೆ ಬಗೆಯನ್ನು ನಮೂದಿಸದಿದ್ದರೆ ಅದನ್ನು ಕೊಳ್ಳಬೇಡಿ.

ಅದೇ 3.5 ಮಿಲಿಮೀಟರ್ ತೂತು ಹೆಡ್‌ಫೋನ್‌ಗೂ ಇರುತ್ತದೆ, ಸಿಂಕ್‌ಗೂ (ಯಂತ್ರಗಳ ತಾಳ ಒಂದಾಗಿಸುವ ಮಿಡಿತಕ್ಕೂ) ಇರುತ್ತದೆ, ಕಂಟ್ರೋಲ್ ವೋಲ್ಟೇಜ್‌ಗೂ (ಸ್ವರವನ್ನು ವೋಲ್ಟ್‌ನಿಂದ ನಿಯಂತ್ರಿಸುವ ಸಿಗ್ನಲ್‌ಗೂ) ಇರುತ್ತದೆ. ಸಿಂಕ್ ಕೇಬಲ್ ಸರಿಯಾಗಿದ್ದರೂ ಲೆಕ್ಕ ಹೊಂದಬೇಕು: ಮಿಡಿ ಕ್ಲಾಕ್ ಒಂದು ಕ್ವಾರ್ಟರ್ ನೋಟ್‌ಗೆ (ಸಾಮಾನ್ಯವಾಗಿ ತಾಳದ ಒಂದು ಬಡಿತಕ್ಕೆ) 24 ಬಾರಿ ಮಿಡಿದರೆ, ವೋಲ್ಕಾ ತರಹದ ಯಂತ್ರಗಳ ಸಿಂಕ್ ತೂತು ನಿರೀಕ್ಷಿಸುವುದು 2 ಮಿಡಿತಗಳನ್ನು. ಎರಡು ಮಿಡಿ ಔಟ್‌ಗಳನ್ನು ಒಂದೇ ಇನ್‌ಗೆ ಸೇರಿಸುತ್ತದೆ ಎಂದು ಹೇಳಿ ಕೊಟ್ಟಿದ್ದ ವೈ ಆಕಾರದ ಕೇಬಲ್ ಬರೀ ನಿರುಪಯೋಗಿ. ಎರಡು ಕಡೆಯ ಸಂದೇಶಗಳನ್ನು ಓದಿ ಸಾಲಾಗಿಸಿ ಕಳುಹಿಸಲು ವಿದ್ಯುತ್ತಿನಿಂದ ನಡೆಯುವ ಮರ್ಜ್ ಪೆಟ್ಟಿಗೆಯೇ ಬೇಕು, ತಂತಿಗಳನ್ನು ಬೆಸೆದರೆ ಆಗುವ ಕೆಲಸವಲ್ಲ.

ಆಡಿಯೋ ಕೇಬಲ್‌ಗಳಲ್ಲಿ ಎದುರಾದದ್ದು ಇನ್ನೂ ವಿಚಿತ್ರವಾದ ತೊಂದರೆ. ಸಿಂಥ್‌ನ ಹೆಡ್‌ಫೋನ್ ಔಟನ್ನು ಮಿಕ್ಸರ್‌ಗೆ ಜೋಡಿಸಲು ಒಂದು ಕಡೆ 3.5, ಇನ್ನೊಂದು ಕಡೆ 6.35 ಮಿಲಿಮೀಟರ್ ಜ್ಯಾಕ್ ಇರುವ, ಎರಡೂ ಕಡೆ ಮೂರು ಸಂಪರ್ಕಗಳ ಕೇಬಲ್ ಕೊಟ್ಟಿದ್ದರು. ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಕೇಳುತ್ತಿದ್ದ ಬೇಸ್ ಸ್ವರ ಮಿಕ್ಸರ್‌ನಲ್ಲಿ ಬಹುತೇಕ ಮಾಯವಾಯಿತು. ಕಾರಣ ಸರಳ. ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್ ಜ್ಯಾಕ್‌ನ ತುದಿ ಮತ್ತು ಉಂಗುರಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಅಲ್ಲಿಗೆ ಎಡ ಮತ್ತು ಬಲಗಳನ್ನು ಕಳುಹಿಸಿದರೆ ಎರಡರಲ್ಲೂ ಸಮಾನವಾಗಿರುವುದೆಲ್ಲ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ಚಿಕ್ಕ ಸಿಂಥ್‌ಗಳಲ್ಲಿ ಎಡಬಲಗಳೆರಡಕ್ಕೂ ಒಂದೇ ಮೋನೋ ಧ್ವನಿ ಬರುವುದು ಸಾಮಾನ್ಯ, ಆಗ ಉಳಿಯುವುದು ಬರೀ ಮೌನ. ಬೇಕಾದದ್ದು ಒಂದು ಸ್ಟೀರಿಯೋ ಜ್ಯಾಕ್‌ನಿಂದ ಎರಡು ಮೋನೋ ಜ್ಯಾಕ್‌ಗಳಿಗೆ ಒಡೆಯುವ ಕೇಬಲ್. ನೋಡಲು ಎರಡೂ ಕೇಬಲ್‌ಗಳ 3.5 ಮಿಲಿಮೀಟರ್ ತುದಿ ಒಂದೇ.

ಮಿಕ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯ ಮೇಲಿನ ಚಾನೆಲ್‌ಗಳ ಸಂಖ್ಯೆಯಲ್ಲಿ ಸ್ಟೀರಿಯೋ ಜೋಡಿಯನ್ನು ಎರಡೆಂದು ಎಣಿಸಿರುತ್ತಾರೆ ಎಂಬುದನ್ನು ನೆನಪಿಡಿ. ಜೊತೆಗೆ ಎಫೆಕ್ಟ್ ಪೆಡಲ್ ಒಂದನ್ನು ಎರಡು ಯಂತ್ರಗಳಿಗೂ ಹಂಚಬೇಕಾದರೆ ಆಕ್ಸ್ ಸೆಂಡ್ (ಪ್ರತಿ ಚಾನೆಲ್‌ನಿಂದ ಬೇಕಾದಷ್ಟು ಧ್ವನಿಯನ್ನು ಪೆಡಲ್‌ಗೆ ಕಳುಹಿಸುವ ಔಟ್) ಇರಲೇಬೇಕು, ನನಗೆ ಕೊಟ್ಟದ್ದರಲ್ಲಿ ಅದು ಇರಲಿಲ್ಲ. ಎಕೋ ಪೆಡಲ್ ಗಿಟಾರ್‌ನ ಸಣ್ಣ ಸಿಗ್ನಲ್‌ಗಾಗಿ ಮಾಡಿದ್ದರಿಂದ ಸಿಂಥ್‌ನ ಹೆಚ್ಚು ಜೋರಾದ ‘ಲೈನ್’ ಮಟ್ಟದ ಸಿಗ್ನಲ್‌ಗೆ ಒಡೆದು ಕೇಳಿಸುತ್ತಿತ್ತು. ಸಿಂಥ್‌ನ ವಾಲ್ಯೂಮ್ ತಗ್ಗಿಸಿ ಅದನ್ನು ಬಳಸಬಹುದು. ಸಸ್ಟೇನ್ ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ತೆಗೆದಾಗ ಸ್ವರ ಎಳೆದರೆ, ಪೆಡಲ್‌ನ ಅಡಿಯ ಸ್ವಿಚ್ ತಿರುಗಿಸಿ ನೋಡಿ.

ಎಲ್ಲವನ್ನೂ ಕಂಪ್ಯೂಟರ್‌ಗೆ ಜೋಡಿಸಿದ ಮೇಲೆ ಸ್ಪೀಕರ್‌ನಲ್ಲಿ ಕೀರಲು ಸದ್ದು ಬರತೊಡಗಿತು. ಯುಎಸ್‌ಬಿ ಕೇಬಲ್ ಮತ್ತು ಆಡಿಯೋ ಕೇಬಲ್ ಎರಡೂ ಗ್ರೌಂಡನ್ನು ಕೂಡಿಸಿ ಒಂದು ಸುತ್ತು ಮಾಡಿದಾಗ ಹೀಗಾಗುತ್ತದೆ. ಇದಕ್ಕೆ ಮಾರಾಟಗಾರರ ಕಡೆಯಿಂದ ಬಂದ ಸಲಹೆ, ಮಿಕ್ಸರ್‌ನ ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದುಬಿಡಿ ಎಂಬುದು. ಇದನ್ನು ಯಾರೇ ಹೇಳಿದರೂ ಎಂದಿಗೂ ಮಾಡಬೇಡಿ. ಆ ಪಿನ್ ಇರುವುದು ಯಂತ್ರದ ಲೋಹದ ಮೈಗೆ ಕರೆಂಟ್ ತಾಗಿದಾಗ ನಿಮ್ಮ ಜೀವ ಉಳಿಸಲು. ಕೀರಲು ಸದ್ದಿಗೆ ಸುರಕ್ಷಿತ ದಾರಿಗಳಿವೆ: ಯುಎಸ್‌ಬಿ ಬದಲು ಐದು ಪಿನ್ನಿನ ಮಿಡಿ ಬಳಸಿ, ಅದರ ಇನ್ ಕಡೆ ಆಪ್ಟೋಕಪ್ಲರ್ ಇರುವುದರಿಂದ ಸಂದೇಶ ಬೆಳಕಿನ ಮೂಲಕ ದಾಟುತ್ತದೆ, ಗ್ರೌಂಡ್ ಕೂಡುವುದಿಲ್ಲ, ಅಥವಾ ಆಡಿಯೋ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ.

ಕೀಬೋರ್ಡನ್ನೂ ಕೇಬಲ್‌ಗಳನ್ನೂ ಮಾರಾಟಗಾರರು ಕೊನೆಗೆ ವಾಪಸು ಪಡೆದರು, ಪವರ್ ಸಪ್ಲೈಯನ್ನು ಪಡೆಯಲಿಲ್ಲ. ಇಂಥ ಸಪ್ಲೈ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ಯಂತ್ರಕ್ಕೆ ಚುಚ್ಚುವ ಮೊದಲು ಮಲ್ಟಿಮೀಟರ್ ತೆಗೆದುಕೊಂಡು ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಗ್ಗಿನ ಒಳತೂತಿಗೆ, ಕಪ್ಪು ಕಡ್ಡಿಯನ್ನು ಹೊರಮೈಗೆ ತಾಗಿಸಿ, ಎರಡು ಕಡ್ಡಿಗಳು ಒಂದಕ್ಕೊಂದು ತಗಲದಂತೆ ನೋಡಿಕೊಳ್ಳಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ನಡುವೆ ಇರುವುದು ಮೈನಸ್, ಬಾರದಿದ್ದರೆ ಪ್ಲಸ್. ಅದನ್ನು ಯಂತ್ರದ ಹಿಂದೆ ಅಚ್ಚಾಗಿರುವ ಚಿತ್ರದೊಡನೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಮಾತ್ರ ಚುಚ್ಚಿ. ಬಳಿಕ ಆ ಅಡಾಪ್ಟರ್‌ಗೆ ಯಂತ್ರದ ಹೆಸರು ಬರೆದ ಚೀಟಿ ಅಂಟಿಸಿಡಿ.