ಕೊಡಗಿನಲ್ಲಿ ಸ್ವೀಟ್ ಚೆರ್ರಿ ಬೆಳೆಯುತ್ತೆ ಅಂತ ಗಿಡ ಮಾರಲು ಬಂದರೆ ಮುಂಗಡ ಕೊಡಬೇಡಿ

ಮಡಿಕೇರಿ, ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ ಕಡೆ ತೋಟ ಇರುವವರು ದಯವಿಟ್ಟು ಪೂರ್ತಿ ಓದಿ. "ಬಿಂಗ್–ಲ್ಯಾಂಬರ್ಟ್ ಜೋಡಿ (ಎರಡೂ ಚೆರ್ರಿ ತಳಿಯ ಹೆಸರು), ಲೋ ಚಿಲ್ (ಕಡಿಮೆ ಚಳಿ ಸಾಕಾಗುವ) ತಳಿ, ಮೂರನೇ ವರ್ಷಕ್ಕೆ ಗೊಂಚಲು ಗೊಂಚಲು ಹಣ್ಣು" ಅಂತ ಮೊಬೈಲಿಗೆ ಫೋಟೊ ಬರುತ್ತಿದೆಯಲ್ಲ, ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಮ್ಮ ಮನೆಯಿಂದ ಹೋಗಿದೆ. ಗಿಡಕ್ಕೆ 850 ರೂಪಾಯಿಯಂತೆ 40 ಗಿಡ, ಲಾರಿ ಬಾಡಿಗೆ ಬೇರೆ. ನಮ್ಮನ್ನು ನೋಡಿ ನನ್ನ ತಂಗಿಯೂ ತರಿಸಿದಳು. ಅವಳ ಅತ್ತೆಯ ಎದುರು ನಾನು ಈಗ ಮುಖ ಎತ್ತಿ ಮಾತಾಡುವ ಹಾಗಿಲ್ಲ.

ಕಿತ್ತಳೆ ಗಿಡಗಳೆಲ್ಲ ಒಣಗಿ ಹೋಗಿ ಖಾಲಿ ಬಿದ್ದಿದ್ದ ಜಾಗ ಅದು. ಏನಾದರೂ ಹಣ್ಣಿನ ಗಿಡ ಹಾಕಬೇಕು ಅಂತಿದ್ದಾಗ ಈ ಮನುಷ್ಯ ಫೋನ್ ಮಾಡಿದ. ಮಾತು ಬೆಣ್ಣೆ. "ಅಕ್ಕಾ, ನಿಮ್ಮ ಜಿಲ್ಲೆಗೆ ಕರ್ನಾಟಕದ ಕಾಶ್ಮೀರ ಅಂತ ಸುಮ್ಮನೆ ಕರೀತಾರಾ? ಕಾಶ್ಮೀರದಲ್ಲಿ ಆಗೋದು ನಿಮ್ಮಲ್ಲಿ ಯಾಕೆ ಆಗಲ್ಲ?" ಅಂದ. ಇಲ್ಲಿ ಹಿಮ ಬೀಳಲ್ಲ, ಮಳೆ ಜಾಸ್ತಿ ಅಂತ ನಾನು ಸ್ಪಷ್ಟವಾಗಿ ಹೇಳಿದ್ದೆ. ಒಂದಲ್ಲ, ಮತ್ತೆ ಮತ್ತೆ ಹೇಳಿದ್ದೆ. ಅದಕ್ಕವನು, "ಬಯಲುಸೀಮೆಯಲ್ಲೇ ಸೇಬು ಬಿಡ್ತಿಲ್ವಾ ಅಕ್ಕಾ? ಅದೇ ಥರ ಇದೂ ಲೋ ಚಿಲ್" ಅಂದ.

ಅವನು ಮೋಸ ಮಾಡಿದ್ದು ಇಲ್ಲೇ. ಸೇಬಿನ ಮಾತು ನಿಜ. ಅನ್ನಾ, ಡಾರ್ಸೆಟ್ ಗೋಲ್ಡನ್, ಎಚ್‌ಆರ್‌ಎಂಎನ್–99 ಅಂತ ಕಡಿಮೆ ಚಳಿಯ ಸೇಬಿನ ತಳಿಗಳಿವೆ, ಅವನ್ನು ನಮ್ಮ ರಾಜ್ಯದಲ್ಲೂ ಹಾಕಿದ್ದಾರೆ. ಆ ನಿಜವನ್ನು ತೋರಿಸಿ ಚೆರ್ರಿ ಮಾರಿದ. ಸ್ವೀಟ್ ಚೆರ್ರಿಯ ಹೆಚ್ಚಿನ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು 700ರಿಂದ 1,000 ಗಂಟೆಯಷ್ಟು ಸಿಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಚಳಿಗೆ ಅಂತಲೇ ಮಾಡಿದ ಮಿನ್ನಿ ರಾಯಲ್, ರಾಯಲ್ ಲೀ ತಳಿಗಳಿಗೂ ನೂರಾರು ಗಂಟೆ ಬೇಕು. ಮಡಿಕೇರಿಯಲ್ಲಿ ರಾತ್ರಿ 12–13 ಡಿಗ್ರಿಗೆ ಇಳಿದರೆ ನಾವು ಎರಡು ಕಂಬಳಿ ಹೊದ್ದು ಮಲಗುತ್ತೇವೆ. ಚೆರ್ರಿಯ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ.

ಮೊದಲ ಮಳೆಗಾಲದಲ್ಲೇ ಕೆಲವು ಗಿಡದ ಬುಡ ಕೊಳೆಯಿತು, ಕಾಂಡದಲ್ಲಿ ಅಂಟು ಸುರಿಯಿತು. ಉಳಿದವು ಚಳಿಗಾಲ ಕಳೆದ ಮೇಲೆ ಚಿಗುರಲೇ ಇಲ್ಲ. ಕಾಫಿ ಹೂವಾಗಿ ಮುಗಿದ ಮೇಲೂ ಬೋಳು ಕಡ್ಡಿ. ಆಮೇಲೆ ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ, ಕೆಳಗೆಲ್ಲ ಖಾಲಿ. ಹೂವಿನ ಮಾತೇ ಬೇಡ. ತೋಟಕ್ಕೆ ಬಂದವರೆಲ್ಲ "ಚೆರ್ರಿ ಆಯ್ತಾ?" ಅಂತ ಕೇಳುವುದು, ನಾನು ಮಾತು ಬದಲಿಸುವುದು.

ಫೋನ್ ಮಾಡಿದರೆ ಅವನ ಉತ್ತರ ಕೇಳಿ. "ಬುಡಕ್ಕೆ ಐಸ್ ಗಡ್ಡೆ ಹಾಕಿ ಅಕ್ಕಾ." ಚಳಿ ತಾಗಬೇಕಾದ್ದು ಮೊಗ್ಗಿಗೆ, ಬೇರಿಗಲ್ಲ! ಗಿಡ ಮಾರುವವನಿಗೆ ಇಷ್ಟೂ ಗೊತ್ತಿಲ್ಲ ಅಂದರೆ ನಂಬುವುದು ಹೇಗೆ? ಮುಂದಿನ ಸಲ, "ಒಂದು ಔಷಧಿ ಕಳಿಸ್ತೀನಿ, 4,000 ಆಗುತ್ತೆ, ಹೊಡೆದರೆ ಒಂದೇ ವಾರಕ್ಕೆ ಮೊಗ್ಗು ಒಡೆಯುತ್ತೆ" ಅಂದ. ಯಾವ ಔಷಧಿ ಅಂತ ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟ, ಹೈಡ್ರೋಜನ್ ಸಯನಮೈಡ್. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿಯವರು ಚಾಟನಿ (ಬಳ್ಳಿ ಸವರುವುದು) ಆದ ಮೇಲೆ ಬಳಸುವುದು ಅದನ್ನೇ. ಮೈಗೆ ತಾಗಿದರೆ ಸುಡುವ ವಿಷ ಅದು. ಚಳಿ ಸ್ವಲ್ಪ ಕಮ್ಮಿ ಬಿದ್ದ ಕಡೆ ಸಹಾಯ ಆಗಬಹುದು, ಚಳಿಯೇ ಇಲ್ಲದ ಕಡೆ ಏನು ಮಾಡುತ್ತೆ? ಕೈಗವಸು ಹಾಕಿಕೊಳ್ಳಿ ಅಂತಲೂ ಹೇಳದೆ ಮಾರಲು ಹೊರಟಿದ್ದ.

ಇಷ್ಟಾದರೂ ನನಗೆ ಒಂದು ಆಸೆ ಇತ್ತು, ತಳಿಯಾದರೂ ಒಳ್ಳೆಯದೇ ಕೊಟ್ಟಿರುತ್ತಾನೆ ಅಂತ. ನಮ್ಮ ಯಜಮಾನರ ಜೊತೆ ಸೇನೆಯಲ್ಲಿದ್ದವರೊಬ್ಬರು ಹಿಮಾಚಲದ ನಾರ್ಕಂಡಾ ಹತ್ತಿರ ಸೇಬು, ಚೆರ್ರಿ ಬೆಳೆಯುತ್ತಾರೆ. ಅವರಿಗೆ ಫೋನ್ ಮಾಡಿ ಬಿಂಗ್, ಲ್ಯಾಂಬರ್ಟ್ ಅಂದೆವು. "ಅವೆರಡೇನಾ? ಮೂರನೆಯದು ಯಾವುದೂ ಇಲ್ವಾ?" ಅಂತ ಕೇಳಿದರು. ಇಲ್ಲ ಅಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ಈ ಚೆರ್ರಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟಲ್ಲ, ಪಕ್ಕದಲ್ಲಿ ಹೊಂದುವ ಬೇರೆ ತಳಿ ಇರಬೇಕು. ಆದರೆ ಬಿಂಗ್ ಹೂವಿಗೆ ಲ್ಯಾಂಬರ್ಟ್ ಪರಾಗ ಆಗಿಬರುವುದಿಲ್ಲ! ಲ್ಯಾಂಬರ್ಟ್‌ಗೆ ಬಿಂಗ್ ಪರಾಗವೂ ಅಷ್ಟೇ. ಎರಡೂ ಒಂದೇ ಪರಾಗದ ಗುಂಪು, ನೆಪೋಲಿಯನ್ ಅನ್ನುವ ತಳಿಯೂ ಅದೇ ಗುಂಪು. ಅಮೆರಿಕದ ಆರೆಗಾನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ 1913ರಲ್ಲೇ ಬರೆದಿಟ್ಟಿದ್ದಾರೆ. ಬಿಂಗ್ ಹಾಕುವವರು ಪಕ್ಕದಲ್ಲಿ ವ್ಯಾನ್ ಅನ್ನುವ ತಳಿ ಹಾಕುತ್ತಾರೆ, ಇಲ್ಲವೇ ಸ್ಟೆಲ್ಲಾ. ಸ್ಟೆಲ್ಲಾ, ಲಾಪಿನ್ಸ್ ಆದರೆ ಜೊತೆ ಇಲ್ಲದೆಯೂ ಕಾಯಿ ಕಟ್ಟುತ್ತವೆ. ಅಂದರೆ ನಾಳೆ ಮಡಿಕೇರಿಯಲ್ಲಿ ಹಿಮವೇ ಬಿದ್ದು ಗಿಡದ ತುಂಬ ಹೂವಾದರೂ ನಮ್ಮ ತೋಟದಲ್ಲಿ ಕಾಯಿ ಕಟ್ಟುತ್ತಿರಲಿಲ್ಲ. ಇದನ್ನು "ಜೋಡಿ" ಅಂತ ಹೇಳಿ, ಜೋಡಿ ಅಂದದ್ದಕ್ಕೇ ಗಿಡಕ್ಕೆ 100 ರೂಪಾಯಿ ಜಾಸ್ತಿ ತಗೊಂಡಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆಯೇ ಫೋನ್ ಮಾಡಿದೆ. ಅಷ್ಟು ದಿನ "ಅಕ್ಕಾ" ಅಂತಿದ್ದವನು "ಮೇಡಂ" ಅಂತ ಶುರು ಮಾಡಿದ. "ಮೇಡಂ, ಇದೆಲ್ಲ ನಿಮಗೆ ಅರ್ಥ ಆಗಲ್ಲ, ಮನೆಯಲ್ಲಿ ಗಂಡಸರಿದ್ರೆ ಫೋನ್ ಕೊಡಿ." ತೋಟ ನೋಡಿಕೊಳ್ಳುವುದು ನಾನು, ದುಡ್ಡು ಕಳಿಸಿದ್ದು ನನ್ನ ಖಾತೆಯಿಂದ. ಆಗೆಲ್ಲ ಗಂಡಸರು ಬೇಕಾಗಿರಲಿಲ್ಲ! ಬಿಲ್ಲಿನಲ್ಲಿರುವ ತಳಿ ಬಗ್ಗೆ ದೂರು ಕೊಡ್ತೀನಿ ಅಂದೆ. "ಬಿಲ್ ಸರಿಯಾಗಿ ನೋಡಿ ಮೇಡಂ" ಅಂದ. ನೋಡಿದರೆ "ಹಣ್ಣಿನ ಗಿಡ, 40" ಅಂತ ಮಾತ್ರ ಇದೆ. ಚೆರ್ರಿ ಅಂತಲೂ ಇಲ್ಲ. "ಗಿಡ ಜೀವಂತ ಬಂತಾ ಇಲ್ವಾ? ನಮ್ಮ ಜವಾಬ್ದಾರಿ ಅಷ್ಟೇ" ಅಂತ ಫೋನ್ ಇಟ್ಟವನು ಮತ್ತೆ ಎತ್ತಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಯಾರು ಏನೇ ಫೋಟೊ ಕಳಿಸಲಿ, ಎಷ್ಟು ಗಂಟೆ ಚಳಿ ಬೇಕು, ಯಾವ ತಳಿಯ ಪರಾಗ ಬೇಕು, ಕಸಿ ಕಟ್ಟಿರುವುದು ಯಾವ ಬೇರಿನ ಗಿಡಕ್ಕೆ, ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿಗೇ ಬಿಡಿ. ನಮ್ಮ ಮಣ್ಣಿಗೆ ಹಣ್ಣು ಬೇಕು ಅಂದರೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಹೋಗಿ ಕೇಳಿ. ಅರ್ಕಾ ಕೂರ್ಗ್ ಅರುಣ್ ಅಂತ ರಂಬೂಟಾನ್ ತಳಿಯನ್ನು ಅವರೇ ಕೊಟ್ಟಿದ್ದಾರೆ.

ಮೊನ್ನೆ ಅದೇ ಗೊಂಚಲಿನ ಫೋಟೊ ಸಕಲೇಶಪುರದ ನನ್ನ ಓರಗಿತ್ತಿಯ ಮೊಬೈಲಿಗೆ ಬಂದಿದೆ, ಬೇರೆ ನಂಬರಿನಿಂದ. ಈಗ ಗಿಡಕ್ಕೆ 1,100 ಅಂತೆ, ಅರ್ಧ ದುಡ್ಡು ಮೊದಲೇ ಬೇಕಂತೆ. "ಮಡಿಕೇರಿಯಲ್ಲಿ ನಮ್ಮ ಗಿರಾಕಿ ಅಕ್ಕ ಒಬ್ಬರ ತೋಟದಲ್ಲಿ ಚೆನ್ನಾಗಿ ಬಂದಿದೆ" ಅಂತ ಹೇಳುತ್ತಿದ್ದಾನಂತೆ. ಯಾರ ತೋಟ ಅಂತ ಕೇಳಿ. ನಮ್ಮದೇ ಆದರೆ ಬನ್ನಿ, ಆ ಕಡ್ಡಿಗಳನ್ನು ಇನ್ನೂ ಕಿತ್ತಿಲ್ಲ, ತೋರಿಸುತ್ತೇನೆ.