ಮಳೆನಾಡಿನಲ್ಲಿ ಗೋಬರ್ ಗ್ಯಾಸ್: 11 ಮಳೆಗಾಲ ಬಳಸಿದ ಮೇಲೆ

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ. ಕಾಫಿ, ಮೆಣಸು, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಐದು ದನ. 2014ರ ಕೊನೆಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿ (ನೆಲದೊಳಗೆ ಗುಮ್ಮಟದ ಹಾಗೆ ಕಟ್ಟುವ) ಗೋಬರ್ ಗ್ಯಾಸ್ ಕಟ್ಟಿಸಿದೆವು. "ಕೊಡಗಿನ ಚಳಿ ಮಳೆಗೆ ಇದೆಲ್ಲಾ ನಡೆಯುತ್ತಾ?" ಅಂತ ಕೇಳುವವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನಡೆಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗ್ಯಾಸ್ ಅಷ್ಟೇ. ಸಗಣಿ ಕೊಳೆಸಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಸುಮಾರು 35 ಡಿಗ್ರಿ ಬೆಚ್ಚಗೆ ಇರಬೇಕು. ನಮ್ಮಲ್ಲಿ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಧ್ಯಾಹ್ನವೂ ಸ್ವೆಟರ್ ತೆಗೆಯುವಂತಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಒಲೆ ಉರಿಯುತ್ತದೆ. ಮಳೆಗಾಲದಲ್ಲಿ ಅಕ್ಕಿ ರೊಟ್ಟಿ ಸುಟ್ಟು ಮುಗಿಯುವ ಹೊತ್ತಿಗೆ ಉರಿ ಇಳಿಯುತ್ತದೆ. ಸಗಣಿ ಕಲಸಲು ಹಂಡೆಯ ಬಿಸಿನೀರು ಹಾಕಿ, ಗುಮ್ಮಟದ ಮೇಲೆ ಭತ್ತದ ಹುಲ್ಲು ಹೊದಿಸಿದ ಮೇಲೆ ಸ್ವಲ್ಪ ಪರವಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದಾಗ ಸಿಲಿಂಡರ್ ಗಾಡಿ ಬರಲಿಲ್ಲ, ಕರೆಂಟೂ ಇರಲಿಲ್ಲ. ಆ ಅರ್ಧ ಉರಿಯಲ್ಲೇ ನಮ್ಮ ಗಂಜಿ ಬೆಂದಿತು, ಮಕ್ಕಳ ಹಾಲು ಕಾಯಿತು.

ಮುಂಚೆ ಅಡುಗೆ ಹೆಚ್ಚಾಗಿ ಸೌದೆ ಒಲೆಯಲ್ಲಿ. ಹಸಿ ಸೌದೆ ಊದಿ ಊದಿ ಅತ್ತೆಯ ಕಣ್ಣು ಯಾವಾಗಲೂ ಕೆಂಪು. ಸ್ನಾನದ ಹಂಡೆಗೆ ಈಗಲೂ ತೋಟದ ಒಣ ಕೊಂಬೆಯೇ. ಆದರೆ ಅಡುಗೆಮನೆಗೆ ಹೊಡೆದ ಸುಣ್ಣ ನಾಲ್ಕು ವರ್ಷ ಬೆಳ್ಳಗೇ ಇತ್ತು. ಅತ್ತೆ ಆ ಗೋಡೆಯನ್ನು ಬಂದವರಿಗೆಲ್ಲಾ ತೋರಿಸುತ್ತಿದ್ದರು.

ಎರಡನೇ ವರ್ಷ ಪಕ್ಕದ ಲೈನ್ ಮನೆಗೂ (ತೋಟದ ಕೆಲಸದವರ ಮನೆ) ಒಂದು ಪೈಪ್ ಎಳೆದೆವು. ಬೇಸಿಗೆಯಲ್ಲಿ ಅವರ ರಾತ್ರಿ ಅಡುಗೆ ಅದರಲ್ಲೇ. ಅಲ್ಲಿರುವ ಅಕ್ಕ ಮುಂಚೆ ಪ್ರತಿ ಭಾನುವಾರ ಕಾಡಂಚಿಗೆ ಸೌದೆಗೆ ಹೋಗುತ್ತಿದ್ದರು. ಆನೆ ಓಡಾಡುವ ಜಾಗ, ಅವರು ವಾಪಸ್ ಬರುವವರೆಗೆ ನಮಗೂ ಸಮಾಧಾನ ಇರುತ್ತಿರಲಿಲ್ಲ. "ಈಗ ಭಾನುವಾರ ತಲೆಗೆ ಎಣ್ಣೆ ಹಚ್ಚಿ ಕೂರೋಕೆ ಪುರುಸೊತ್ತು ಸಿಗುತ್ತೆ ಅಮ್ಮ" ಅಂದರು. ನನ್ನ ಮಟ್ಟಿಗೆ ಉಳಿದ ಸಿಲಿಂಡರ್ ದುಡ್ಡಿಗಿಂತ ಇದು ದೊಡ್ಡದು.

ತೊಂದರೆಯೂ ಆಗಿದೆ. ಮೂರನೇ ವರ್ಷ ಬೇಸಿಗೆಯಲ್ಲೇ ಗ್ಯಾಸ್ ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಕಟ್ಟಿದವರು ಫೋನೇ ಎತ್ತಲಿಲ್ಲ. ಗುಮ್ಮಟದ ಮೇಲಿನ ಮಣ್ಣು ಸರಿಸಿ ಸೋಪು ನೀರು ಹಚ್ಚಿದೆವು. ಕೂದಲಿನಷ್ಟು ಸಣ್ಣ ಬಿರುಕಿನ ಉದ್ದಕ್ಕೂ ಗುಳ್ಳೆ ಎದ್ದವು! ಬೇರೆ ಗಾರೆಯವರನ್ನು ಕರೆಸಿ, ಪೂರ್ತಿ ಖಾಲಿ ಮಾಡಿ, ಒಳಗಿನಿಂದ ಮತ್ತೆ ಗಾರೆ ಹಾಕಿಸಬೇಕಾಯಿತು. ಬಿರುಕನ್ನು ಸುಮ್ನೆ ಬಿಡಬೇಡಿ. ಸೋರುವ ಗ್ಯಾಸಿನಲ್ಲಿರುವ ಮೀಥೇನ್, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಒಲೆಯಲ್ಲಿ ಉರಿದರೆ ಒಳ್ಳೆಯದು, ಗಾಳಿಗೆ ಹೋದರೆ ಕೆಟ್ಟದ್ದು.

ದಿನಾ ಬೆಳಗ್ಗೆ 50 ಕೆಜಿ ಸಗಣಿ, ಅಷ್ಟೇ ನೀರು. ಹುಲ್ಲಿನ ಕಡ್ಡಿಗಳನ್ನು ಕೈಯಿಂದಲೇ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಮೇಲೆ ತೇಲಿ ಕೆನೆಗಟ್ಟುತ್ತದೆ. ಫಿನಾಯಿಲ್ ಹಾಕಿ ತೊಳೆದ ಕೊಟ್ಟಿಗೆ ನೀರು ಒಳಗೆ ಬಿಡಲೇಬಾರದು. ಉರಿ ಪುಕುಪುಕು ಅಂದರೆ ಪೈಪಿನಲ್ಲಿ ನೀರು ನಿಂತಿದೆ ಅಂತ, ತಗ್ಗಿನಲ್ಲಿರುವ ಕೊಳಾಯಿ ತಿರುಗಿಸಿ ಬಸಿಯಬೇಕು. ನಾಲ್ಕು ದನ ಇಲ್ಲದವರು, ಸಗಣಿಗೆ ಕೈ ಹಾಕಲು ಹೇಸುವವರು ಈ ಗಾತ್ರದ್ದು ಕಟ್ಟಿಸಬೇಡಿ.

ಹೊರಬರುವ ಬಗ್ಗಡವನ್ನು ಕಾಫಿ, ಮೆಣಸಿನ ಬುಡಕ್ಕೆ ಹಾಕುತ್ತೇವೆ. ಹಸಿ ಸಗಣಿಯಷ್ಟು ವಾಸನೆ ಇಲ್ಲ, ನೊಣವೂ ಮುತ್ತುವುದಿಲ್ಲ. ಚೀಲದ ಗೊಬ್ಬರ ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇವೆ.

ಈ ವಾರ ಮಳೆ ಬಿಟ್ಟು ಮೂರು ದಿನ ಬಿಸಿಲು ಬಿದ್ದಿದೆ. ನಿನ್ನೆ ರಾತ್ರಿ ಸಾರು, ಅನ್ನ, ಮೇಲೊಂದು ಪಲ್ಯ ಆದಮೇಲೂ ಉರಿ ನೀಲಿಯಾಗೇ ಇತ್ತು.